‘ಬ್ಯಾಸರ’ ಅನ್ನುವ ಪದಕ್ಕೆ ಫಾರಂನಲ್ಲಿ ಜಾಗ ಇರಲಿಲ್ಲ

ಆಮಂತ್ರಣ ಪತ್ರಿಕೆಯಲ್ಲಿ ನನ್ನ ಉಪನ್ಯಾಸದ ಹೆಸರು ನೋಡಿ ನನಗೇ ಸ್ವಲ್ಪ ಭಯವಾಯಿತು. ‘ಮನಶ್ಶಾಸ್ತ್ರ ವೃತ್ತಿಯಲ್ಲಿ ಸಾಮಾಜಿಕ ನ್ಯಾಯ: ನಾಯಕತ್ವದ ಆದ್ಯತೆಗಳು.’ ಇಷ್ಟು ದೊಡ್ಡ ಹೆಸರು, ನನ್ನ ಹತ್ತಿರ ಇರುವುದು ಒಂದು ಸಣ್ಣ ಪದ. ಬ್ಯಾಸರ. ಅದರಿಂದಲೇ ಶುರು ಮಾಡುತ್ತೇನೆ.

ನಾನು ಟ್ರೈನಿಂಗ್‌ನಲ್ಲಿದ್ದಾಗ ಕೊಪ್ಪಳ ಕಡೆಯ ಒಬ್ಬ ಹೆಣ್ಣುಮಗಳು ಓಪಿಡಿಗೆ ಬಂದಿದ್ದರು. ನಾನು ಹಾಸನದವಳು. ಅವರು ಹೇಳಿದ್ದು ಇಷ್ಟು: “ಎದಿ ಡವಡವ ಅಂತೈತ್ರಿ. ಯಾತರಾಗೂ ಮನಸ್ಸು ನಿಂದ್ರವಲ್ದು. ಭಾಳ ಬ್ಯಾಸರ ಆಗೈತ್ರಿ.” ನಮ್ಮ ಕಡೆ ಬೇಸರ ಅಂದರೆ ಹೊತ್ತು ಹೋಗದಿರುವುದು, ಇಲ್ಲವೇ ಯಾರ ಮೇಲೋ ಸಣ್ಣ ಮುನಿಸು. ನಾನು ಹಾಗೇ ಅಂದುಕೊಂಡೆ. “ಮನೆಯಲ್ಲಿ ಕೆಲಸ ಇಲ್ವಾ?” ಎಂದು ಕೇಳಿದೆ. ಅವರು ನನ್ನ ಮುಖ ನೋಡಿದರು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿದು, ಇನ್ನೊಬ್ಬರ ಹೊಲಕ್ಕೆ ಕೂಲಿಗೆ ಹೋಗುವವರು ಅವರು. ಇಲ್ಲಿ ಕೂತಿರುವ ಅರ್ಧ ಜನಕ್ಕೆ ಆ ಬ್ಯಾಸರ ಎಷ್ಟು ಆಳದ್ದು ಎಂದು ವಿವರಿಸಬೇಕಿಲ್ಲ. ನನಗೆ ಗೊತ್ತಿರಲಿಲ್ಲ. ಕೇಸ್ ಶೀಟಿನಲ್ಲಿ ‘ಅಸ್ಪಷ್ಟ ದೂರುಗಳು’ ಎಂದು ಇಂಗ್ಲಿಷ್‌ನಲ್ಲಿ ಬರೆದೆ. ನನ್ನ ಸೂಪರ್‌ವೈಸರ್ ಸಹಿ ಹಾಕಿದರು. ಆಕೆ ಮತ್ತೆ ಬರಲಿಲ್ಲ.

ಇದರಲ್ಲಿ ಯಾರೂ ಯಾರಿಗೂ ಬೈದಿಲ್ಲ. ಜಾತಿ ಕೇಳಿಲ್ಲ. ಹೊರಗೆ ನಿಲ್ಲಿಸಿಲ್ಲ. ನಮ್ಮ ಗೋಡೆಯ ಮೇಲೆ ‘ಎಲ್ಲರಿಗೂ ಸಮಾನ ಸೇವೆ’ ಎಂಬ ಬೋರ್ಡೂ ಇತ್ತು ಅನ್ನಿ. ಆದರೂ ಒಬ್ಬರು ಹೊರಗುಳಿದರು. ನಮ್ಮ ವೃತ್ತಿಯಲ್ಲಿ ಅನ್ಯಾಯ ಹೆಚ್ಚಾಗಿ ನಡೆಯುವುದು ಹೀಗೆ. ಫಾರಂನಲ್ಲಿ, ಟೆಸ್ಟಿನಲ್ಲಿ, ಫೀಸಿನಲ್ಲಿ, ಸೀಟಿನಲ್ಲಿ, ಸುಮ್ನೆ, ಸದ್ದಿಲ್ಲದೆ. ಹಾಗಾಗಿ ನಮ್ಮ ವೃತ್ತಿಯ ಮುಂದಾಳುಗಳು ಹೇಗಿದ್ದಾರೆ ಎಂದು ತಿಳಿಯಲು ನಾನು ಅವರ ಭಾಷಣ ಕೇಳುವುದಿಲ್ಲ. ಫಾರಂ ನೋಡುತ್ತೇನೆ, ಬಜೆಟ್ ನೋಡುತ್ತೇನೆ. ಇವತ್ತು ನಾನು ಹೇಳಲು ಬಂದಿರುವುದು ಇದೊಂದೇ.

ಈಗ ಸ್ವಲ್ಪ ದೂರ ಹೋಗೋಣ, ಅಮೆರಿಕಕ್ಕೆ. ಅಲ್ಲಿನವರು ನಮಗಿಂತ ಒಳ್ಳೆಯವರು ಅಂತಲ್ಲ. ಅವರ ತಪ್ಪುಗಳು ಚೆನ್ನಾಗಿ ದಾಖಲಾಗಿವೆ, ಅದಕ್ಕೆ.

ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ಶುರುವಾದದ್ದು 1892ರಲ್ಲಿ. 1967ರ ಸೆಪ್ಟೆಂಬರ್ 1ರಂದು ಆ ಸಂಘದ ವಾಷಿಂಗ್ಟನ್ ಸಮ್ಮೇಳನದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮಾತನಾಡಿದರು. ಸಭೆಯಲ್ಲಿದ್ದವರೆಲ್ಲ ಮನಸ್ಸಿನ ತಜ್ಞರು. ಕಿಂಗ್ ಆ ತಜ್ಞರದೇ ಪದವನ್ನು ಹಿಡಿದುಕೊಂಡರು. ನೀವು ಯಾರನ್ನು ನೋಡಿದರೂ ‘ಹೊಂದಾಣಿಕೆ ಇಲ್ಲದವರು’ ಅನ್ನುತ್ತೀರಿ, ಸರಿ. ಆದರೆ ಕೆಲವು ಸಂಗತಿಗಳಿಗೆ ನಾವು ಯಾವತ್ತೂ ಹೊಂದಿಕೊಳ್ಳಬಾರದು, ವರ್ಣಭೇದಕ್ಕೆ ಹೊಂದಿಕೊಳ್ಳಬಾರದು. ಅವರ ಮಾತಿನ ಸಾರ ಇದು.

ಈ ಮಾತು ನಮ್ಮ ಊರಿಗೆ ಎಷ್ಟು ಬೇಗ ಬಂದುಬಿಡುತ್ತದೆ ನೋಡಿ. ಕನ್ನಡದವರ ರಾಷ್ಟ್ರೀಯ ಮಂತ್ರ ಯಾವುದು? “ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.” ಬಸ್ಸಿನ ಸೀಟಿನಲ್ಲಿ ಅದು ಚಂದ. ಮೂರು ಜನರ ಸೀಟಿನಲ್ಲಿ ನಾಲ್ಕು ಜನ ಕೂರುತ್ತೇವೆ. ಆದರೆ ಗಂಡ ಹೊಡೆಯುತ್ತಾನೆ ಎಂದು ಬಂದ ಹೆಣ್ಣುಮಗಳಿಗೆ ನಮ್ಮ ಕೌನ್ಸೆಲಿಂಗ್ ಕೋಣೆಯಲ್ಲಿ ಹೇಳುವುದೂ ಅದೇ ಅಲ್ವಾ? ಹಾಸ್ಟೆಲಿನಲ್ಲಿ ತನ್ನ ತಟ್ಟೆ ಬೇರೆ ಇಡುತ್ತಾರೆ ಎಂದು ಬಂದ ಹುಡುಗನಿಗೆ ‘ಸೋಷಿಯಲ್ ಸ್ಕಿಲ್ಸ್ ಟ್ರೈನಿಂಗ್’ ಕೊಟ್ಟದ್ದನ್ನು ನಾನೇ ನೋಡಿದ್ದೇನೆ. ಹುಡುಗನ ಸ್ಕಿಲ್ ಚೆನ್ನಾಗಿಯೇ ಇತ್ತು. ಟ್ರೈನಿಂಗ್ ಬೇಕಿದ್ದದ್ದು ಹಾಸ್ಟೆಲಿಗೆ.

ಕಿಂಗ್ ಮಾತು ಮುಗಿಸಿದರು, ಸಭೆ ಚಪ್ಪಾಳೆ ತಟ್ಟಿತು. ಆಮೇಲೆ? ಮರು ವರ್ಷ, 1968ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಸಮ್ಮೇಳನದ ಹೊತ್ತಿಗೆ ಕಪ್ಪು ಜನಾಂಗದ ಮನಶ್ಶಾಸ್ತ್ರಜ್ಞರು ತಮ್ಮದೇ ಬೇರೆ ಸಂಘ ಕಟ್ಟಿಕೊಂಡರು. ಅದರ ಮರು ವರ್ಷ ಇನ್ನೂ ಸ್ವಾರಸ್ಯದ ಘಟನೆ. 1969ರಲ್ಲಿ ಆ ಹಳೆಯ ಸಂಘದ ಅಧ್ಯಕ್ಷರು ಜಾರ್ಜ್ ಮಿಲ್ಲರ್. ನೀವೆಲ್ಲ ಓದಿದ್ದೀರಿ, ನೆನಪಿನಲ್ಲಿ ಒಮ್ಮೆಗೆ ಏಳೆಂಟು ಅಂಕಿ ಮಾತ್ರ ಹಿಡಿಯುತ್ತವೆ ಎನ್ನುವ ಮಿಲ್ಲರ್. ಅವರ ಅಧ್ಯಕ್ಷ ಭಾಷಣದ ವಿಷಯವೇ ಮನಶ್ಶಾಸ್ತ್ರವನ್ನು ಜನಸಾಮಾನ್ಯರಿಗೆ ಕೊಟ್ಟುಬಿಡಬೇಕು ಅನ್ನುವುದು. ಬಹಳ ಒಳ್ಳೆಯ ಭಾಷಣ. ಆ ಸಭೆಗೆ ಕಪ್ಪು ಜನಾಂಗದ ವಿದ್ಯಾರ್ಥಿಗಳು ನುಗ್ಗಿ ಭಾಷಣಕ್ಕೆ ತಡೆ ಒಡ್ಡಿದರು. ಜನರಿಗೆ ಕೊಡುತ್ತೀರಂತೆ, ಸಂತೋಷ. ನಮ್ಮವರಿಗೆ ಪಿಎಚ್‌ಡಿ ಸೀಟು ಎಲ್ಲಿ? ಕಲಿಸುವವರಲ್ಲಿ ನಮ್ಮವರು ಎಷ್ಟು ಜನ? ಅವರು ತಂದ ಬೇಡಿಕೆಗಳು ಈ ಬಗೆಯವು.

ಇಲ್ಲಿ ಸ್ವಲ್ಪ ನಿಲ್ಲೋಣ. ನೀವು ಅಧ್ಯಕ್ಷರ ಕುರ್ಚಿಯಲ್ಲಿದ್ದೀರಿ ಎಂದುಕೊಳ್ಳಿ. ನಿಮ್ಮ ವೇದಿಕೆಗೆ ಹುಡುಗರು ಹತ್ತುತ್ತಾರೆ. ಪೊಲೀಸರನ್ನು ಕರೆಯುತ್ತೀರಾ, ಸಮಿತಿ ಮಾಡುತ್ತೀರಾ? ಅವರು ಸಮಿತಿ ಮಾಡಿದರು. ಸಮಿತಿ ಅಂದ ಕೂಡಲೇ ನೀವು ನಗುತ್ತೀರಿ, ನನಗೂ ನಗು ಬರುತ್ತದೆ. ಆದರೆ ಆ ಗಲಾಟೆಯ ಕೊನೆಗೆ 1974ರಲ್ಲಿ ಒಂದು ಗಟ್ಟಿ ವಸ್ತು ಹುಟ್ಟಿತು: ಅಲ್ಪಸಂಖ್ಯಾತ ಸಮುದಾಯಗಳ ವಿದ್ಯಾರ್ಥಿಗಳಿಗೆ ಫೆಲೋಶಿಪ್. ಪಿಎಚ್‌ಡಿ ಮಾಡುವಷ್ಟು ಕಾಲ ಬದುಕಲು ದುಡ್ಡು. ಅದಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಂಸ್ಥೆಯಿಂದ ಹಣ ಬಂತು. ನಂತರ ದಶಕಗಳ ಕಾಲ ಅದು ನಡೆದು ಬಂದಿದೆ. ಅದೇ ಸಂಘ 2021ರ ಅಕ್ಟೋಬರ್‌ನಲ್ಲಿ ವರ್ಣಭೇದದಲ್ಲಿ ತನ್ನ ಪಾಲಿಗಾಗಿ ಅಧಿಕೃತವಾಗಿ ಕ್ಷಮೆ ಕೇಳಿತು. ಕ್ಷಮೆಯ ಪಠ್ಯ ಉದ್ದವಾಗಿದೆ, ಪ್ರಾಮಾಣಿಕವೂ ಆಗಿದೆ, ಓದಿ. ಆದರೆ ನನ್ನನ್ನು ಕೇಳಿದರೆ 1974ರ ಆ ಫೆಲೋಶಿಪ್ಪಿನ ಮೊದಲ ಚೆಕ್ಕೇ ಹೆಚ್ಚು ತೂಕದ್ದು. ಹಾಗಿದ್ದೂ ಮೇಲಿನ ಕುರ್ಚಿಗೆ ದಾರಿ ಎಷ್ಟು ದೂರ ನೋಡಿ. 1971ರಲ್ಲಿ ಕೆನೆತ್ ಕ್ಲಾರ್ಕ್ ಮೊದಲ ಕಪ್ಪು ಜನಾಂಗದ ಅಧ್ಯಕ್ಷರಾದರು. ಆ ಸಮುದಾಯದ ಹೆಣ್ಣುಮಗಳೊಬ್ಬಳು ಅಧ್ಯಕ್ಷೆಯಾಗಲು 2018 ಬರಬೇಕಾಯಿತು. ಜೆಸ್ಸಿಕಾ ಹೆಂಡರ್ಸನ್ ಡೇನಿಯಲ್. ನಡುವೆ 47 ವರ್ಷ.

ಕ್ಲಾರ್ಕ್ ಹೆಸರು ಬಂತಲ್ಲ. ಅವರ ಗೊಂಬೆಗಳ ಪ್ರಯೋಗ ನಿಮ್ಮ ಪಠ್ಯದಲ್ಲಿದೆ. ನಾಲ್ಕು ಗೊಂಬೆ, ಎರಡು ಬಿಳಿ, ಎರಡು ಕಂದು, ಉಳಿದದ್ದೆಲ್ಲ ಒಂದೇ. ಮೂರರಿಂದ ಏಳು ವರ್ಷದ ಕಪ್ಪು ಮಕ್ಕಳಿಗೆ ಯಾವ ಗೊಂಬೆ ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಕೇಳುವುದು. ಹೆಚ್ಚಿನ ಮಕ್ಕಳು ಬಿಳಿ ಗೊಂಬೆ ಒಳ್ಳೆಯದು ಅಂದರು. 1954ರ ಮೇ 17ರಂದು ಅಮೆರಿಕದ ಸುಪ್ರೀಂ ಕೋರ್ಟ್ ಶಾಲೆಗಳಲ್ಲಿ ಮಕ್ಕಳನ್ನು ಬಣ್ಣ ನೋಡಿ ಬೇರೆ ಮಾಡುವುದು ತಪ್ಪು ಎಂದು ತೀರ್ಪು ಕೊಟ್ಟಾಗ, ತೀರ್ಪಿನ 11ನೇ ಅಡಿಟಿಪ್ಪಣಿಯಲ್ಲಿ ಕ್ಲಾರ್ಕ್ ಬರಹದ ಉಲ್ಲೇಖ ಬಂತು. ಪರೀಕ್ಷೆಗೆ ಇಷ್ಟು ಬರೆದರೆ ಹತ್ತಕ್ಕೆ ಎಂಟು ಅಂಕ.

ಉಳಿದ ಎರಡು ಅಂಕ ಅವರ ಹೆಂಡತಿಗೆ ಸೇರಬೇಕು. ಮೇಮಿ ಫಿಪ್ಸ್ ಕ್ಲಾರ್ಕ್. ಈ ಎಳೆ ಶುರುವಾದದ್ದೇ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಆಕೆ ಮಾಡಿದ ಮಾಸ್ಟರ್ಸ್ ಅಧ್ಯಯನದಿಂದ. 1943ರಲ್ಲಿ ಕೊಲಂಬಿಯಾದಿಂದ ಪಿಎಚ್‌ಡಿ. ಅಷ್ಟು ಓದಿದ ಮೇಲೂ ಕಪ್ಪು ಹೆಣ್ಣುಮಗಳಿಗೆ ಓದಿಗೆ ತಕ್ಕ ಕೆಲಸ ಸಿಗಲಿಲ್ಲ. 1946ರಲ್ಲಿ ಗಂಡ ಹೆಂಡತಿ ಸೇರಿ ಹಾರ್ಲೆಮ್‌ನಲ್ಲಿ ಒಂದು ಮಕ್ಕಳ ಕೇಂದ್ರ ತೆರೆದರು, ನಾರ್ತ್‌ಸೈಡ್ ಅಂತ. ನಡೆಸಿದ್ದು ಮೇಮಿ. ಅಲ್ಲಿಗೆ ತಾಯಂದಿರು ಬರುತ್ತಿದ್ದರು. ನನ್ನ ಮಗುವಿಗೆ ಬುದ್ಧಿ ಕಡಿಮೆ ಎಂದು ಶಾಲೆಯವರು ಬೇರೆ ಕ್ಲಾಸಿಗೆ ಹಾಕಿದ್ದಾರೆ ಅನ್ನುವುದು ಅವರ ಸಂಕಟ. ಕೇಂದ್ರದವರು ಮಕ್ಕಳನ್ನು ಕೂರಿಸಿಕೊಂಡು ನಿಧಾನವಾಗಿ ಪರೀಕ್ಷೆ ಮಾಡಿದರೆ, ಹೆಚ್ಚಿನ ಮಕ್ಕಳಿಗೆ ಅಂಥ ಕೊರತೆಯೇ ಇರಲಿಲ್ಲ. ವರದಿ ಹಿಡಿದು ಶಾಲೆಯ ಮುಂದೆ ಹೋದರು.

ನನಗೆ ಗೊಂಬೆಗಿಂತ ಈ ಕೆಲಸ ದೊಡ್ಡದು ಅನ್ನಿಸುತ್ತದೆ. ಗೊಂಬೆ ಪ್ರಯೋಗದ ಬಗ್ಗೆ ತಕರಾರುಗಳಿವೆ. ಗೊಂಬೆ ಆರಿಸಿದ ಮಾತ್ರಕ್ಕೆ ಮಗು ತನ್ನನ್ನೇ ದ್ವೇಷಿಸುತ್ತದೆ ಎಂದು ಹೇಳಬಹುದಾ ಎಂದು ಆಮೇಲಿನವರು ಕೇಳಿದ್ದಾರೆ. ಆದರೆ ಬುದ್ಧಿಮಾಂದ್ಯ ಎಂಬ ಚೀಟಿಯನ್ನು ಒಂದೊಂದೇ ಮಗುವಿನ ಹಣೆಯಿಂದ ಕಿತ್ತು ತೆಗೆದದ್ದಕ್ಕೆ ಏನು ತಕರಾರು ಇರುತ್ತದೆ? ಅದೇ ಚೀಟಿಯ ಜಗಳ ಕ್ಯಾಲಿಫೋರ್ನಿಯಾದಲ್ಲಿ ಕೋರ್ಟಿಗೂ ಹೋಯಿತು. ಅಲ್ಲಿನ ಕಪ್ಪು ಮನಶ್ಶಾಸ್ತ್ರಜ್ಞರೇ ಮಕ್ಕಳ ಪರ ನಿಂತರು. ಬುದ್ಧಿ ಅಳೆಯುವ ಐಕ್ಯೂ ಟೆಸ್ಟ್ ಇಟ್ಟುಕೊಂಡು ಕಪ್ಪು ಮಕ್ಕಳನ್ನು ಅಂಥ ಕ್ಲಾಸುಗಳಿಗೆ ತಳ್ಳಬಾರದು ಎಂದು 1979ರಲ್ಲಿ ತೀರ್ಪು ಬಂತು.

ಈಗ ವಾಪಸ್ ಊರಿಗೆ. ಐಕ್ಯೂ ಟೆಸ್ಟಿನ ಕಥೆಗೆ ಧಾರವಾಡದ ನಂಟಿದೆ ಎಂದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? 1905ರಲ್ಲಿ ಪ್ಯಾರಿಸ್‌ನಲ್ಲಿ ಆಲ್ಫ್ರೆಡ್ ಬಿನೆ ಆ ಟೆಸ್ಟ್ ಮಾಡಿದ್ದು ಶಾಲೆಯಲ್ಲಿ ಹೆಚ್ಚಿನ ಸಹಾಯ ಬೇಕಾದ ಮಕ್ಕಳನ್ನು ಗುರುತಿಸಲು. ಸಹಾಯಕ್ಕೆ, ನೆನಪಿರಲಿ. ಅದು ಅಟ್ಲಾಂಟಿಕ್ ದಾಟಿದ ಕೂಡಲೇ ಅಮೆರಿಕದ ಮನಶ್ಶಾಸ್ತ್ರಜ್ಞ ಹೆನ್ರಿ ಗೊಡಾರ್ಡ್ ಅದನ್ನು ನ್ಯೂಯಾರ್ಕ್ ಬಂದರಿಗೆ ಒಯ್ದ. ಹಡಗಿನಿಂದ ಇಳಿದ, ಇಂಗ್ಲಿಷ್ ಬಾರದ ಬಡವರಲ್ಲಿ ‘ಮಂದಬುದ್ಧಿ’ಯವರನ್ನು ಹುಡುಕಲು. ಅದೇ ಟೆಸ್ಟ್ 1930ರ ದಶಕದಲ್ಲಿ ಧಾರವಾಡದ ಕಡೆಗೆ ಬಂತು. ವಿ. ವಿ. ಕಾಮತ್ ಅದನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಇಲ್ಲಿಯ ಮಕ್ಕಳನ್ನು ಇಲ್ಲಿಯ ಮಾತಿನಲ್ಲೇ ಕೇಳಬೇಕು ಅನ್ನುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ನಾನು ಅದನ್ನು ನಾಯಕತ್ವ ಅನ್ನುತ್ತೇನೆ.

ಅವರು ಹೊಂದಿಸಿದ ಆ ಬಿನೆ-ಕಾಮತ್ ಟೆಸ್ಟ್ ಇಂದಿಗೂ ಹಲವು ಕಡೆ ಬಳಕೆಯಲ್ಲಿದೆ. ಇಲ್ಲಿ ಕೂತವರಲ್ಲಿ ಎಷ್ಟೋ ಜನ ಅದೇ ಕಿಟ್ಟಿನ ಮೇಲೆ ಕೈ ಪಳಗಿಸಿದವರು. ನನ್ನ ಪ್ರಶ್ನೆ ಕಾಮತರಿಗಲ್ಲ, ಅವರ ನಂತರ ಬಂದ ನಮಗೆ. ಒಂದು ಮಗುವಿನ ಬುದ್ಧಿಯನ್ನು ಅದರ ಮುತ್ತಜ್ಜನ ಕಾಲದ ಮಕ್ಕಳ ಜೊತೆ ಹೋಲಿಸಿ ಅಂಕ ಕೊಡಬಹುದಾ? ತಲೆಮಾರಿನಿಂದ ತಲೆಮಾರಿಗೆ ಮಕ್ಕಳು ಈ ಟೆಸ್ಟುಗಳಲ್ಲಿ ಪಡೆಯುವ ಅಂಕ ಏರುತ್ತ ಹೋಗುತ್ತದೆ ಎಂದು ಸಂಶೋಧಕ ಜೇಮ್ಸ್ ಫ್ಲಿನ್ ಹಲವು ದೇಶಗಳ ಲೆಕ್ಕ ಹಿಡಿದು ತೋರಿಸಿದ್ದಾರೆ. ಅಂದರೆ ಹಳೆಯ ಅಳತೆಗೋಲು ಇವತ್ತಿನ ಮಗುವಿಗೆ ಇರುವುದಕ್ಕಿಂತ ಜಾಸ್ತಿ ಐಕ್ಯೂ ತೋರಿಸುತ್ತದೆ. ಜಾಸ್ತಿ ಬಂದರೆ ಒಳ್ಳೆಯದೇ ಅಲ್ವಾ ಅನ್ನಬೇಡಿ. ನಿಜವಾಗಿ ತೊಂದರೆ ಇರುವ ಮಗುವಿಗೆ 70ರ ಗೆರೆ ದಾಟಿ 73 ಬಂದುಬಿಟ್ಟರೆ ಅಂಗವೈಕಲ್ಯದ ಸರ್ಟಿಫಿಕೇಟ್ ಇಲ್ಲ. ಸರ್ಟಿಫಿಕೇಟ್ ಇಲ್ಲದಿದ್ದರೆ ಪಿಂಚಣಿ ಇಲ್ಲ, ಬಸ್ ಪಾಸ್ ಇಲ್ಲ. ಇನ್ನೊಂದು ಕಡೆ, ಮನೆಯಲ್ಲಿ ಲಂಬಾಣಿ ಮಾತಾಡುವ ತಾಂಡಾದ ಹುಡುಗಿಯನ್ನು ಪುಸ್ತಕದ ಕನ್ನಡದಲ್ಲಿ ಕೇಳಿದರೆ ಅವಳ ಅಂಕ ಸುಮ್ನೆ ಬೀಳುತ್ತದೆ. ಒಂದೇ ಕಿಟ್, ಎರಡು ಬಗೆಯ ಅನ್ಯಾಯ. ಇಬ್ಬರ ಹೆಸರಿನ ಕೆಳಗೂ ನಮ್ಮದೇ ಸಹಿ.

ಟೆಸ್ಟನ್ನು ಇವತ್ತಿನ ಮಕ್ಕಳಿಗೆ ಹೊಸದಾಗಿ ಹೊಂದಿಸುವುದು ಯಾರಿಗೂ ಬೇಡದ ಕೆಲಸ. ನೂರಾರು ಮಕ್ಕಳು ಬೇಕು, ಹತ್ತಾರು ತಾಲ್ಲೂಕು ಸುತ್ತಬೇಕು, ವರ್ಷಗಟ್ಟಲೆ ಆಗುತ್ತದೆ, ಹೆಸರು ಬರುವುದಿಲ್ಲ. ಸೆಮಿನಾರ್ ಮಾಡಿದರೆ ಎರಡು ದಿನದಲ್ಲಿ ಫೋಟೊ ಬರುತ್ತದೆ. ವಿಭಾಗದ ಮುಖ್ಯಸ್ಥರು ಇಲ್ಲಿ ಮೂರ್ನಾಲ್ಕು ಜನ ಕೂತಿದ್ದೀರಿ. ನಿಮ್ಮ ಹತ್ತಿರ ಒಂದಿಷ್ಟು ದುಡ್ಡಿದ್ದರೆ ಎಲ್ಲಿ ಹಾಕುತ್ತೀರಿ? ಆದ್ಯತೆ ಅನ್ನುವ ಪದಕ್ಕೆ ನನಗೆ ಗೊತ್ತಿರುವ ಅರ್ಥ ಇದು.

ಒಂದು ಅಡ್ಡ ಮಾತು. ಮೈಸೂರಿನಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್‌ನಲ್ಲಿ ಸ್ಪಿಯರ್‌ಮನ್ ಹತ್ತಿರ ಕಲಿತು ಬಂದವರು. ಬುದ್ಧಿಯ ಲೆಕ್ಕಾಚಾರದ ದೊಡ್ಡ ಗುರು ಅಂದರೆ ಸ್ಪಿಯರ್‌ಮನ್. ಈ ಶಿಷ್ಯ ಊರಿಗೆ ಬಂದು ಪ್ರಯೋಗಾಲಯ ಕಟ್ಟಿದ್ದಲ್ಲದೆ, 1935ರಲ್ಲಿ ತಮ್ಮ ಮನೆಯಿಂದಲೇ ಒಂದು ರೇಡಿಯೊ ಕೇಂದ್ರ ಶುರು ಮಾಡಿದರು. ‘ಆಕಾಶವಾಣಿ’ ಅನ್ನುವ ಹೆಸರು ಬಂದದ್ದು ಆ ಕೇಂದ್ರದಿಂದ. ಒಬ್ಬ ಮನಶ್ಶಾಸ್ತ್ರದ ಮೇಷ್ಟ್ರಿಗೆ ರೇಡಿಯೊ ಹುಚ್ಚು ಯಾಕೆ ಹಿಡಿಯಿತು ಎಂದು ನಾನು ಆಗಾಗ ಯೋಚಿಸುತ್ತೇನೆ. ಕ್ಲಾಸಿನ ಗೋಡೆ ಅವರಿಗೆ ಸಾಲಲಿಲ್ಲವೇನೋ.

ಗೋಡೆ ದಾಟುವ ಇನ್ನೊಂದು ಕೆಲಸವೂ ನಮ್ಮ ರಾಜ್ಯದ್ದೇ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಯ ಚಿಕಿತ್ಸೆ ತಾಲ್ಲೂಕು ಮಟ್ಟದಲ್ಲೇ ಸಿಗುವಂತೆ ಮಾಡಿ ನೋಡಿದರು. 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು ಆ ಬಳ್ಳಾರಿ ಮಾದರಿಯ ಮೇಲೆ. ಬೆಂಗಳೂರಿಗೆ ಬನ್ನಿ ಎಂದು ರೋಗಿಗೆ ಹೇಳುವ ಬದಲು ಬೆಂಗಳೂರೇ ಎದ್ದು ಹೋಯಿತು. ಆದರೂ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಏನು ಹೇಳಿತು? ಬೇರೆ ಬೇರೆ ಕಾಯಿಲೆಗಳಲ್ಲಿ 70ರಿಂದ 92 ಶೇಕಡಾ ಜನಕ್ಕೆ ಚಿಕಿತ್ಸೆ ಸಿಕ್ಕಿಲ್ಲ. ನೂರರಲ್ಲಿ ಎಪ್ಪತ್ತು ಅನ್ನುವುದೇ ಇದರಲ್ಲಿ ಒಳ್ಳೆಯ ಸುದ್ದಿ.

ಕಾನೂನು ಮಾತ್ರ ಚೆನ್ನಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಂ ತೆಗೆದು ನೋಡಿ. ಲಿಂಗ, ಲೈಂಗಿಕ ಒಲವು, ಧರ್ಮ, ಜಾತಿ, ವರ್ಗ, ಅಂಗವೈಕಲ್ಯ, ಯಾವುದರ ಮೇಲೂ ತಾರತಮ್ಯ ಮಾಡಬಾರದು ಎಂದಿದೆ. ಜಾತಿ ಅನ್ನುವ ಪದ ಅದರಲ್ಲಿ ಇದೆ. ನಮ್ಮ ಕ್ಲಿನಿಕಲ್ ಪಠ್ಯಪುಸ್ತಕಗಳ ಪರಿವಿಡಿಯಲ್ಲಿ ಆ ಪದ ಹುಡುಕಿ, ಎಷ್ಟು ಸಲ ಸಿಗುತ್ತದೆ ಎಂದು ನನಗೂ ಹೇಳಿ. ಲೈಂಗಿಕ ಒಲವಿನ ವಿಷಯದಲ್ಲಂತೂ ನಾವು ತಡವಾಗಿ ಎದ್ದವರು. 1956ರಲ್ಲೇ ಎವೆಲಿನ್ ಹೂಕರ್ ಅನ್ನುವ ಮನಶ್ಶಾಸ್ತ್ರಜ್ಞೆ ಸಲಿಂಗಿ ಪುರುಷರ ಮತ್ತು ಉಳಿದವರ ಟೆಸ್ಟ್ ಉತ್ತರಗಳನ್ನು ಹೆಸರು ತೆಗೆದು ತಜ್ಞರ ಮುಂದೆ ಇಟ್ಟರು. ಯಾವುದು ಯಾರದು ಎಂದು ತಜ್ಞರಿಗೆ ಗುರುತಿಸಲು ಆಗಲಿಲ್ಲ. ನಮ್ಮಲ್ಲಿ ಲೈಂಗಿಕ ಒಲವನ್ನೇ ‘ಬದಲಾಯಿಸುವ ಚಿಕಿತ್ಸೆ’ ಕೊಡುವ ಡಾಕ್ಟರು ವೃತ್ತಿದ್ರೋಹ ಮಾಡಿದಂತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಿದ್ದು 2022ರಲ್ಲಿ. ಅದೂ ಮದ್ರಾಸ್ ಹೈಕೋರ್ಟ್ ಬೆನ್ನು ಹತ್ತಿದ ಮೇಲೆ. ಕೋರ್ಟ್ ಹೇಳುವ ಮೊದಲು ನಾವೇ ಹೇಳಬಹುದಿತ್ತು.

ಇಷ್ಟೆಲ್ಲ ಬೇರೆಯವರ ಬಗ್ಗೆ ಹೇಳಿದೆ. ನನ್ನದೊಂದು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಕೋರ್ಸಿನ ಆಯ್ಕೆ ಸಮಿತಿಯಲ್ಲಿ ನಾನಿದ್ದೆ. ಸಂಸ್ಥೆಯ ಹೆಸರು ಬೇಡ. ಯಾದಗಿರಿ ಕಡೆಯ ಹುಡುಗಿಯೊಬ್ಬಳು ಸಂದರ್ಶನಕ್ಕೆ ಬಂದಳು. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು. ಲಿಖಿತ ಪರೀಕ್ಷೆಯಲ್ಲಿ ಒಳ್ಳೆಯ ಅಂಕ. ಇಂಗ್ಲಿಷ್ ಮಾತ್ರ ನಿಧಾನ, ಒಂದೊಂದು ಪದವನ್ನೂ ತೂಗಿ ಇಡುತ್ತಿದ್ದಳು. ಅವಳು ಹೊರಗೆ ಹೋದ ಮೇಲೆ ಒಬ್ಬರು, “ಇವಳು ಕ್ಲೈಂಟ್ ಜೊತೆ ಹೇಗೆ ಮಾತಾಡುತ್ತಾಳೆ?” ಎಂದರು. ಅವಳಿಗೆ ಕನ್ನಡ, ತೆಲುಗು, ದಖನಿ ಉರ್ದು ಮೂರೂ ನೀರು ಕುಡಿದಷ್ಟು ಸಲೀಸು ಎಂದು ಅರ್ಜಿಯಲ್ಲೇ ಇತ್ತು. ಯಾವ ಕ್ಲೈಂಟ್ ಸಾರ್ ಎಂದು ನಾನು ಕೇಳಬೇಕಿತ್ತು. ಬಾಯಿ ತನಕ ಬಂತು. ಊಟದ ಹೊತ್ತಾಗಿತ್ತು, ಇನ್ನೂ ಹನ್ನೊಂದು ಜನ ಹೊರಗೆ ಕಾಯುತ್ತಿದ್ದರು. ಪಟ್ಟಿಗೆ ಸಹಿ ಹಾಕಿದೆ. ಅದರಲ್ಲಿ ಅವಳ ಹೆಸರಿರಲಿಲ್ಲ.

ನಾಯಕತ್ವ ಅಂದರೆ ದೊಡ್ಡ ಕುರ್ಚಿ ಅಂದುಕೊಳ್ಳುತ್ತೇವೆ. ಅವತ್ತು ಅದು ನನ್ನ ಕೈಯಲ್ಲಿದ್ದ ಎರಡು ರೂಪಾಯಿ ಪೆನ್ನು.

ಅವಳು ಮರು ವರ್ಷ ಬೇರೆ ಕಡೆ ಸೇರಿದಳು. ಎರಡು ವರ್ಷ ಬೆಳಗಿನಿಂದ ಸಂಜೆ ತನಕ ಕೋರ್ಸು, ನಡುವೆ ಬೇರೆ ಸಂಪಾದನೆಗೆ ದಾರಿ ಇಲ್ಲ. ಸ್ಟೈಪೆಂಡ್ ಇರುವ ಸೀಟು ಸಿಕ್ಕಿದ್ದರಿಂದ ಬದುಕಿದೆ ಮೇಡಂ ಎಂದು ಆಮೇಲೆ ಒಮ್ಮೆ ಹೇಳಿದಳು. ಫೀಸು ಕಟ್ಟುವ ಸೀಟಾಗಿದ್ದರೆ ಅವಳು ಈ ವೃತ್ತಿಯಲ್ಲೇ ಇರುತ್ತಿರಲಿಲ್ಲ. 1974ರ ಚೆಕ್ಕಿನ ಕಥೆ ಹೇಳಿದೆನಲ್ಲ, ಅದು ಇದೇ.

ಈಗ ಅವಳು ಒಂದು ಜಿಲ್ಲಾ ಆಸ್ಪತ್ರೆಯಲ್ಲಿದ್ದಾಳೆ. ಹೋದ ವರ್ಷ ನಾನು ಅಲ್ಲಿಗೆ ಹೋಗಿದ್ದೆ. ಅವಳ ಮೇಜಿನ ಮೇಲೆ ಇದ್ದದ್ದು ಮಾಮೂಲಿ ಕೇಸ್ ಶೀಟ್ ಅಲ್ಲ, ಅವಳೇ ಗೆರೆ ಹಾಕಿ ಜೆರಾಕ್ಸ್ ಮಾಡಿಸಿದ್ದು. ಮೊದಲನೆಯ ಕಾಲಂ: ‘ಅವರದೇ ಮಾತಿನಲ್ಲಿ’. ಎರಡನೆಯದು: ‘ನನಗೆ ಅರ್ಥವಾಗದ ಮಾತು’. ಮೂರನೆಯದು: ‘ಇವತ್ತು ಇಲ್ಲಿಗೆ ಬಂದದ್ದರಿಂದ ತಪ್ಪಿದ ಕೂಲಿ’. ಮೂರನೆಯದು ಯಾಕಮ್ಮಾ ಎಂದು ಕೇಳಿದೆ. ಕೂಲಿ ತಪ್ಪಿಸಿಕೊಂಡು ಬಂದವರನ್ನು ಮುಂದಿನ ಸಲ ಸಂತೆಯ ದಿನ ಕರೆಯುತ್ತಾಳಂತೆ. ಹೇಗಿದ್ದರೂ ಅವತ್ತು ಅವರು ಊರಿಗೆ ಬಂದೇ ಬರುತ್ತಾರೆ. ಕರೆದರೆ ಬರುವವರು ಜಾಸ್ತಿಯಾಗಿದ್ದಾರೆ ಅಂದಳು.

ಹಾಳೆ ತಿರುವಿ ನೋಡಿದೆ. ಒಂದರಲ್ಲಿ ಮೊದಲ ಕಾಲಂನಲ್ಲಿ ‘ಬ್ಯಾಸರ’ ಎಂದು ಕನ್ನಡದಲ್ಲೇ ಬರೆದಿತ್ತು. ಎರಡನೆಯ ಕಾಲಂ ಖಾಲಿ.

ಆ ಫಾರಂನ ಐವತ್ತು ಪ್ರತಿ ಮಾಡಿಸಿ ತಂದಿದ್ದೇನೆ. ಅವಳ ಒಪ್ಪಿಗೆ ಇದೆ. ಬಾಗಿಲ ಹತ್ತಿರದ ಮೇಜಿನ ಮೇಲಿವೆ, ಚಹಾಕ್ಕೆ ಹೋಗುವಾಗ ಒಂದೊಂದು ತಗೊಳ್ಳಿ.